ಶಾಲೆಯ ಫಿಲ್ಟರ್ ಎಲ್ಲಿಯವರೆಗೆ ಕಾಯುತ್ತದೆ?

ಮೊಬೈಲಿನ ಫಿತ್ನಾದ ಬಗ್ಗೆ ಒಮ್ಮೆಯೂ ಜುಮಾ ಪ್ರವಚನ ಆಗದ ಮಸೀದಿ ನಮ್ಮ ಕಡೆ ಇರಲಿಕ್ಕಿಲ್ಲ. ಗದಗ-ಬೆಟಗೇರಿ ಇರಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಇರಲಿ, ಖತೀಬರು ದೃಷ್ಟಿಯನ್ನು ಹತೋಟಿಯಲ್ಲಿಡುವ ಬಗ್ಗೆ ಹೇಳುತ್ತಾರೆ, ಮಕ್ಕಳ ಕುರಿತು ಎಚ್ಚರಿಸುತ್ತಾರೆ. ನಮಾಝ್ ಮುಗಿಸಿ ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ತಂದೆಯಂದಿರ ನಡುವೆ ಬರುವ ಮಾತು ಒಂದೇ: "ಹಜ್ರತ್ ಹೇಳೂದು ಖರೇ ಐತ್ರಿ, ಆದ್ರ ಮಾಡೂದೇನು? ಹುಡುಗ್ರು ನಮಗಿಂತ ಶಾಣ್ಯಾ ಅದಾವ." ಇದರ ಜೊತೆಗೆ ಈಗ ಇನ್ನೊಂದು ಮಾತೂ ಸೇರಿದೆ: "ಸಾಲ್ಯಾಗ ಫಿಲ್ಟರ್ ಹಾಕ್ಯಾರಂತ, ಅಲ್ಲೇನ್ ಚಿಂತಿಲ್ಲ ಬಿಡ್ರಿ." ಈ ಎರಡನೆಯ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕಾಗಿದೆ. ಫಿಲ್ಟರ್ ಅಂದರೇನು, ಅದು ಏನನ್ನು ತಡೆಯುತ್ತದೆ, ಏನನ್ನು ತಡೆಯಲಾರದು, ತಡೆಯಬಾರದ್ದನ್ನು ಎಲ್ಲಿ ತಡೆದುಬಿಡುತ್ತದೆ ಎಂಬುದು ತಿಳಿಯದೆ ನಿಶ್ಚಿಂತೆಯಿಂದ ಇರುವುದು ಸರಿಯಲ್ಲ.

ಹೆಸರುಕಾಳು ಬೆಳೆಯುವ ನಾಡಿನವರಿಗೆ ಜರಡಿಯ ವಿಷಯ ಹೇಳಿಕೊಡಬೇಕಿಲ್ಲ. ತೂತು ದೊಡ್ಡದಾದರೆ ಕಾಳಿನ ಜೊತೆ ಹರಳೂ ಇಳಿಯುತ್ತದೆ. ತೂತು ತೀರಾ ಸಣ್ಣದಾದರೆ ಒಳ್ಳೆಯ ಕಾಳೂ ಮೇಲೆಯೇ ಉಳಿಯುತ್ತದೆ. ಇಂಟರ್‌ನೆಟ್ ಫಿಲ್ಟರಿನ ಕತೆಯೂ ಇಷ್ಟೇ. ಆದರೆ ಜರಡಿ ಹಿಡಿದವನ ಕಣ್ಣಿಗೆ ಕಾಳೂ ಹರಳೂ ಎರಡೂ ಕಾಣುತ್ತವೆ. ಫಿಲ್ಟರಿಗೆ ಬಹಳ ಸಲ ಚೀಲದ ಮೇಲಿನ ಹೆಸರು ಮಾತ್ರ ಕಾಣುತ್ತದೆ.

ಹೇಗೆಂದರೆ, ನಾವು ಫೋನಿನಲ್ಲಿ ಒಂದು ಜಾಲತಾಣದ ಹೆಸರು ಬರೆದಾಗ ಆ ಹೆಸರಿಗೆ ಒಂದು ಸಂಖ್ಯೆಯ ವಿಳಾಸ ಇರುತ್ತದೆ. ಹೆಸರು ಕೊಟ್ಟರೆ ಸಂಖ್ಯೆ ಹುಡುಕಿಕೊಡುವ ವ್ಯವಸ್ಥೆಗೆ ಡಿಎನ್‌ಎಸ್ ಎನ್ನುತ್ತಾರೆ. ಹಳೆಯ ಟೆಲಿಫೋನ್ ಡೈರೆಕ್ಟರಿ ಇದ್ದಂತೆ. ಶಾಲೆಗಳಲ್ಲಿ, ಸಣ್ಣ ಕಚೇರಿಗಳಲ್ಲಿ ಹಾಕುವ ಅಗ್ಗದ ಫಿಲ್ಟರುಗಳು ಈ ಡೈರೆಕ್ಟರಿಯಲ್ಲೇ ಕೆಲಸ ಮಾಡುತ್ತವೆ. ಕೆಟ್ಟ ತಾಣಗಳ ಒಂದು ಪಟ್ಟಿ ಇಟ್ಟುಕೊಂಡು, ಅವುಗಳ ಸಂಖ್ಯೆ ಕೇಳಿದರೆ "ಅಂಥದ್ದು ಇಲ್ಲ" ಎಂದು ಉತ್ತರ ಕೊಡುತ್ತವೆ. ಇನ್ನು ಕೆಲವು ಫಿಲ್ಟರುಗಳು ಪದಗಳನ್ನು ಹುಡುಕುತ್ತವೆ: ಇಂಥ ಪದ ಕಂಡರೆ ಪುಟವನ್ನೇ ಮುಚ್ಚುತ್ತವೆ. ಮೂರನೆಯ ಬಗೆ ಇದಕ್ಕೆ ಉಲ್ಟಾ. ಒಳ್ಳೆಯದೆಂದು ಮೊದಲೇ ಆಯ್ದ ತಾಣಗಳನ್ನು ಮಾತ್ರ ತೆರೆದು ಉಳಿದೆಲ್ಲವನ್ನೂ ಮುಚ್ಚುವುದು. ಸಣ್ಣ ತರಗತಿಯ ಮಕ್ಕಳಿಗೆ ಈ ಮೂರನೆಯದೇ ಸರಿ ಎಂದು ನನ್ನ ಅಭಿಪ್ರಾಯ. ನಾಲ್ಕನೆಯ ತರಗತಿಯ ಮಗುವಿಗೆ ಇಡೀ ಇಂಟರ್‌ನೆಟ್ ಬೇಕಾಗಿಲ್ಲ. ಆದರೆ ಹೈಸ್ಕೂಲಿನ ಮಕ್ಕಳಿಗೆ ಹತ್ತು ತಾಣಗಳ ಪಟ್ಟಿ ಸಾಲುವುದಿಲ್ಲ.

ಇನ್ನೊಂದು ಸಂಗತಿ ಹೆಚ್ಚಿನವರಿಗೆ ಗೊತ್ತಿಲ್ಲ. ಇವತ್ತು ಬಹುಪಾಲು ತಾಣಗಳ ಮಾಹಿತಿ ಮುಚ್ಚಿದ ಲಕೋಟೆಯಲ್ಲಿ ಬರುತ್ತದೆ. ಅಂಚೆಯವನಿಗೆ ಮೇಲಿನ ವಿಳಾಸ ಕಾಣುತ್ತದೆ, ಒಳಗಿನ ಕಾಗದ ಕಾಣುವುದಿಲ್ಲ. ಹಾಗಾಗಿ ಸಾಮಾನ್ಯ ಫಿಲ್ಟರಿಗೆ ಮಗು ಯೂಟ್ಯೂಬ್ ನೋಡುತ್ತಿದೆ ಎಂಬುದಷ್ಟೇ ತಿಳಿಯುತ್ತದೆ. ನೋಡುತ್ತಿರುವುದು ಗಣಿತದ ಪಾಠವೋ ಬೇರೇನೋ ತಿಳಿಯುವುದಿಲ್ಲ. ಇನ್‌ಸ್ಟಾಗ್ರಾಂ ರೀಲ್ಸ್ ಕೂಡ ಹಾಗೆಯೇ: ಒಂದೋ ಪೂರ್ತಿ ತೆರೆ, ಇಲ್ಲವೇ ಪೂರ್ತಿ ಮುಚ್ಚು. ನಡುವಿನ ದಾರಿ ಆ ಆ್ಯಪಿನ ಸೆಟ್ಟಿಂಗಿನಲ್ಲಿದೆ, ಶಾಲೆಯ ಪೆಟ್ಟಿಗೆಯಲ್ಲಿಲ್ಲ.

ಪಟ್ಟಿ ಮಾಡಿ ಮುಚ್ಚುವುದು ಎಷ್ಟು ಕಷ್ಟ ಎಂಬುದಕ್ಕೆ ನಮ್ಮ ದೇಶದಲ್ಲೇ ಉದಾಹರಣೆ ಇದೆ. 2015ರಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆ 857 ತಾಣಗಳನ್ನು ಮುಚ್ಚಲು ಆದೇಶಿಸಿತು. ಆ ಪಟ್ಟಿಯಲ್ಲಿ ಬರೀ ಹಾಸ್ಯದ ತಾಣಗಳೂ ಸೇರಿದ್ದವು. ಗಲಾಟೆಯಾಗಿ ಕೆಲವೇ ದಿನಗಳಲ್ಲಿ ಆದೇಶ ಸಡಿಲವಾಯಿತು. 2018ರಲ್ಲಿ ಉತ್ತರಾಖಂಡ ಹೈಕೋರ್ಟಿನ ಆದೇಶದ ನಂತರ 827 ಅಶ್ಲೀಲ ತಾಣಗಳನ್ನು ಮುಚ್ಚಲಾಯಿತು. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದೊಂದು ಹೆಸರಿನ ಬಾಲ ಬದಲಿಸಿಕೊಂಡು ಮತ್ತೆ ಬಂತು. ಸರಕಾರದ ಪಟ್ಟಿಗೇ ಈ ಗತಿಯಾದರೆ ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ವರ್ಷದ ಹಿಂದೆ ಯಾರೋ ಹಾಕಿ ಹೋದ ಪಟ್ಟಿ ಎಷ್ಟು ಕಾದೀತು? ಇದರ ಮೇಲೆ ವಿಪಿಎನ್ ಎಂಬ ಆ್ಯಪುಗಳಿವೆ. ಅವು ಲಕೋಟೆಯನ್ನು ಇನ್ನೊಂದು ಲಕೋಟೆಯಲ್ಲಿಟ್ಟು ಮೇಲಿನ ವಿಳಾಸವನ್ನೂ ಮರೆಮಾಡುತ್ತವೆ. ಒಂಬತ್ತನೆಯ ತರಗತಿಯ ಹುಡುಗನಿಗೆ ಇದನ್ನು ಹಾಕಿಕೊಳ್ಳಲು ಐದು ನಿಮಿಷ ಸಾಕು.

ಭಾಷೆಯ ತೊಡಕು ಬೇರೆ. ಪದ ಹುಡುಕುವ ಫಿಲ್ಟರುಗಳು ಹೆಚ್ಚಾಗಿ ಇಂಗ್ಲಿಷ್ ಪದಗಳ ಪಟ್ಟಿಯ ಮೇಲೆ ನಿಂತಿವೆ. ನಮ್ಮ ಮಕ್ಕಳು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾರೆ, ಮನೆಯ ದಖನಿಯನ್ನೂ ಹಾಗೆಯೇ ಬರೆಯುತ್ತಾರೆ. ಬೇರೆ ಊರಿನ ಕಂಪನಿ ಮಾಡಿದ ಪಟ್ಟಿಗೆ ಬೆಟಗೇರಿ ಓಣಿಯ ಬೈಗುಳ ಹೇಗೆ ತಿಳಿಯಬೇಕು! ಅಶ್ಲೀಲ ಮಾತು ನಮ್ಮ ಭಾಷೆಯಲ್ಲಿ ಬಂದರೆ ಸಲೀಸಾಗಿ ದಾಟುತ್ತದೆ, ಪಾಠಕ್ಕೆ ಬೇಕಾದ ಇಂಗ್ಲಿಷ್ ಪದ ಸಿಕ್ಕಿಬೀಳುತ್ತದೆ.

ಈ ಸಿಕ್ಕಿಬೀಳುವ ವಿಷಯವೂ ಹಗುರವಲ್ಲ. 1996ರಲ್ಲಿ ಇಂಗ್ಲೆಂಡಿನ ಸ್ಕಂಥಾರ್ಪ್ ಎಂಬ ಊರಿನ ಜನರಿಗೆ ಎಒಎಲ್ ಎಂಬ ಕಂಪನಿಯಲ್ಲಿ ಖಾತೆ ತೆರೆಯಲಿಕ್ಕೇ ಆಗಲಿಲ್ಲ. ಕಾರಣ, ಆ ಊರಿನ ಹೆಸರಿನ ಸ್ಪೆಲಿಂಗಿನ ನಡುವೆ ಒಂದು ಹೊಲಸು ಪದದ ಅಕ್ಷರಗಳು ಬರುತ್ತವೆ. ಇದು ನಗುವ ವಿಷಯ. ನಗಲಾಗದ ವಿಷಯವನ್ನು 2002ರಲ್ಲಿ ಅಮೆರಿಕದ ಕೈಸರ್ ಫ್ಯಾಮಿಲಿ ಫೌಂಡೇಶನ್ ಪರೀಕ್ಷಿಸಿ ತೋರಿಸಿತು. ಶಾಲೆ, ಗ್ರಂಥಾಲಯಗಳಲ್ಲಿ ಬಳಸುವ ಫಿಲ್ಟರುಗಳನ್ನು ಸಡಿಲವಾಗಿ ಇಟ್ಟಾಗ ಅವು ಅಶ್ಲೀಲ ತಾಣಗಳಲ್ಲಿ ಶೇ. 87ರಷ್ಟನ್ನು ತಡೆದವು, ಆರೋಗ್ಯದ ಮಾಹಿತಿಯ ತಾಣಗಳಲ್ಲಿ ಶೇ. 1.4ರಷ್ಟನ್ನು ತಪ್ಪಾಗಿ ತಡೆದವು. ಅದೇ ಫಿಲ್ಟರುಗಳನ್ನು ಪೂರ್ತಿ ಬಿಗಿ ಮಾಡಿದಾಗ ಅಶ್ಲೀಲವನ್ನು ತಡೆದದ್ದು ಶೇ. 91. ಆರೋಗ್ಯದ ತಾಣಗಳಲ್ಲಿ ಮುಚ್ಚಿಹೋದದ್ದು ಶೇ. 24! ಬಿಗಿ ಮಾಡಿದ್ದರಿಂದ ಸಿಕ್ಕ ಲಾಭ ನೂರಕ್ಕೆ ನಾಲ್ಕು, ಆದ ನಷ್ಟ ನೂರಕ್ಕೆ ಇಪ್ಪತ್ತಕ್ಕೂ ಹೆಚ್ಚು. ಪರೀಕ್ಷೆ ಹಳೆಯದು, ಫಿಲ್ಟರುಗಳು ಅಂದಿಗಿಂತ ಸುಧಾರಿಸಿವೆ. ಆದರೂ ಜರಡಿಯ ಗುಣ ಬದಲಾಗಿಲ್ಲ.

ನಮ್ಮ ಎಸ್ಸೆಸ್ಸೆಲ್ಸಿ ವಿಜ್ಞಾನ ಪುಸ್ತಕದಲ್ಲಿ ಸಂತಾನೋತ್ಪತ್ತಿಯ ಪಾಠ ಇದೆ. ಪರೀಕ್ಷೆಗೆ ಅದು ಬೇಕು. ತರಗತಿಯಲ್ಲಿ ಈ ಪಾಠವನ್ನು "ಮನ್ಯಾಗ ಓದ್ಕೊಳ್ರಿ" ಎಂದು ದಾಟಿಸುವ ರೂಢಿ ಎಷ್ಟೋ ಕಡೆ ಇದೆ. ಮನೆಯಲ್ಲಿ ಅಮ್ಮಿಗೆ ಕೇಳಲು ನಾಚಿಕೆ. ತಿಂಗಳ ಮುಟ್ಟಿನ ತೊಂದರೆ ಇರುವ ಹುಡುಗಿ, ಎದೆಯಲ್ಲಿ ಗಂಟು ಕಂಡು ಹೆದರಿದ ಹುಡುಗಿ ಶಾಲೆಯ ಕಂಪ್ಯೂಟರಿನಲ್ಲಿ ವಿಷಯ ಹುಡುಕಿದರೆ ಪರದೆಯ ಮೇಲೆ "ನಿಷಿದ್ಧ" ಎಂದು ಬರುತ್ತದೆ ಎಂದುಕೊಳ್ಳಿ. ಅವಳಿಗೆ ತಿಳಿಯುವುದೇನು? ತನ್ನ ದೇಹದ ಪ್ರಶ್ನೆಯೇ ಕೆಟ್ಟದ್ದು ಎಂದಲ್ಲವೇ? ನಮ್ಮ ದೀನ್ ಹೀಗೆ ಹೇಳುವುದಿಲ್ಲ. ಶುದ್ಧಿ, ಗುಸುಲ್, ಹೈಝ್ ವಿಷಯಗಳನ್ನು ಫಿಕ್ಹ್ ಗ್ರಂಥಗಳು ಮೊದಲ ಅಧ್ಯಾಯಗಳಲ್ಲೇ ಸಂಕೋಚವಿಲ್ಲದೆ ಚರ್ಚಿಸುತ್ತವೆ. ಅನ್ಸಾರ್ ಮಹಿಳೆಯರು ಇಂಥ ಪ್ರಶ್ನೆಗಳನ್ನು ನಾಚದೆ ಕೇಳಿ ತಿಳಿದುಕೊಂಡದ್ದನ್ನು ಉಮ್ಮುಲ್ ಮೂಮಿನೀನ್ ಆಯಿಶಾ(ರ) ಮೆಚ್ಚಿ ಹೇಳಿದ್ದು ಹದೀಸ್ ಬಲ್ಲವರಿಗೆಲ್ಲ ಗೊತ್ತು.

ಹಾಗಾದರೆ ಶಾಲೆಗೆ ಫಿಲ್ಟರ್ ಬೇಡವೇ? ಬೇಕು. ಹುಡುಕದೇ ಇರುವ ಮಗುವಿನ ಕಣ್ಣಿಗೆ ಹೊಲಸು ತಾನಾಗಿ ಬಂದು ಬೀಳುವುದನ್ನು ಅದು ತಡೆಯುತ್ತದೆ. ಅದರ ನಿಜವಾದ ಉಪಯೋಗ ಇದು. ಹುಡುಕಿಕೊಂಡು ಹೋಗುವವನನ್ನು ತಡೆಯುವುದು ಅದರಿಂದ ಆಗದ ಕೆಲಸ.

ಕಾನೂನು ಏನು ಹೇಳುತ್ತದೆ ಎಂದು ಕೇಳುವವರಿದ್ದಾರೆ. ಅಮೆರಿಕ 2000ದಲ್ಲೇ ಕಾನೂನು ಮಾಡಿ, ಇಂಟರ್‌ನೆಟ್ಟಿಗೆ ಸರಕಾರದ ರಿಯಾಯಿತಿ ಪಡೆಯುವ ಶಾಲೆಗಳು ಫಿಲ್ಟರ್ ಹಾಕಲೇಬೇಕು ಎಂದಿತು. ನಮ್ಮಲ್ಲಿ 2017ರ ಆಗಸ್ಟ್‌ನಲ್ಲಿ, ಬ್ಲೂ ವೇಲ್ ಎಂಬ ಆಟದ ಭಯ ದೇಶದಲ್ಲೆಲ್ಲ ಹಬ್ಬಿದ್ದಾಗ, ಸಿಬಿಎಸ್‌ಇ ತನ್ನ ಶಾಲೆಗಳಿಗೆ ಸುತ್ತೋಲೆ ಕಳಿಸಿತು: ಎಲ್ಲ ಕಂಪ್ಯೂಟರುಗಳಲ್ಲಿ ಫೈರ್‌ವಾಲ್, ಫಿಲ್ಟರ್ ಇರಬೇಕು, ವಯಸ್ಸಿಗೆ ತಕ್ಕ, ಮೊದಲೇ ಆಯ್ದ ತಾಣಗಳಿಗೆ ಮಾತ್ರ ಅವಕಾಶ ಇರಬೇಕು, ಅನುಮತಿ ಇಲ್ಲದೆ ಮೊಬೈಲ್ ತರಬಾರದು ಎಂದು. ಅದು ಸಿಬಿಎಸ್‌ಇ ಶಾಲೆಗಳ ಮಾತು. ನಮ್ಮ ಬಹುಪಾಲು ಮಕ್ಕಳು ಓದುವ ಸರಕಾರಿ ಕನ್ನಡ, ಉರ್ದು ಶಾಲೆಗಳು ರಾಜ್ಯದ ಶಿಕ್ಷಣ ಇಲಾಖೆಯ ಅಡಿಯಲ್ಲಿವೆ. ಅಲ್ಲಿ ಕೇಳುವ ಹಕ್ಕು ನಮ್ಮ ಕೈಯಲ್ಲೇ ಇದೆ. ಎಸ್‌ಡಿಎಂಸಿ ಎಂಬ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಕೂರುವವರು ಮಕ್ಕಳ ಪಾಲಕರೇ. ಸಭೆಗೆ ಹೋಗಿ ಚಹಾ ಕುಡಿದು ಸಹಿ ಮಾಡಿ ಬರುವುದನ್ನು ಬಿಟ್ಟು ನಾಲ್ಕು ಮಾತು ಕೇಳಬಹುದು. ಇಂಟರ್‌ನೆಟ್ ಇದ್ದರೆ ಯಾವ ಫಿಲ್ಟರ್ ಇದೆ? ಅದರ ಪಾಸ್‌ವರ್ಡ್ ಯಾರ ಹತ್ತಿರ ಇದೆ, ಮುಖ್ಯೋಪಾಧ್ಯಾಯರ ಹತ್ತಿರವೋ, ಕಂಪ್ಯೂಟರ್ ಕೂಡಿಸಿ ಹೋದ ಅಂಗಡಿಯವನ ಹತ್ತಿರವೋ? ಪಾಠಕ್ಕೆ ಬೇಕಾದ ಪುಟ ಮುಚ್ಚಿದ್ದರೆ ತೆರೆಸಲು ಮಗು ಯಾರನ್ನು ಕೇಳಬೇಕು? ಮುಚ್ಚಿದ್ದು, ತೆರೆದದ್ದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆಯೇ? ಈ ನೋಟ್‌ಬುಕ್ ಸಣ್ಣ ವಿಷಯ ಎನಿಸಬಹುದು. ಆದರೆ ಬರೆದಿಟ್ಟಲ್ಲಿ ಮಾತ್ರ ಫಿಲ್ಟರ್ ಯಾರದೋ ಒಬ್ಬರ ಮನಸ್ಸಿನಂತೆ ನಡೆಯುವುದು ತಪ್ಪುತ್ತದೆ. ಇಲ್ಲವಾದರೆ ನಾಳೆ ಒಂದು ಸಮುದಾಯದ ಪತ್ರಿಕೆ, ಒಂದು ಭಾಷೆಯ ತಾಣ ಸದ್ದಿಲ್ಲದೆ ಮುಚ್ಚಿದರೂ ಯಾರಿಗೂ ತಿಳಿಯುವುದಿಲ್ಲ.

ಫಿಲ್ಟರಿನ ಜೊತೆಗೇ ಮಾರಾಟವಾಗುವ ಇನ್ನೊಂದು ಸರಕು ಇದೆ: ಕಣ್ಗಾವಲಿನ ಸಾಫ್ಟ್‌ವೇರ್. ಮಗು ಏನು ಬರೆಯಿತು, ಎಲ್ಲಿ ಹೋಯಿತು, ಯಾರಿಗೆ ಮಾತನಾಡಿತು ಎಲ್ಲವನ್ನೂ ಕದ್ದು ನೋಡುವುದು. ಅಮೆರಿಕದ ಪೆನ್ಸಿಲ್ವೇನಿಯಾದ ಲೋವರ್ ಮೆರಿಯನ್ ಶಾಲಾ ಜಿಲ್ಲೆಯಲ್ಲಿ ಮಕ್ಕಳಿಗೆ ಕೊಟ್ಟ ಲ್ಯಾಪ್‌ಟಾಪುಗಳ ಕ್ಯಾಮೆರಾ ಮಕ್ಕಳಿಗೆ ತಿಳಿಯದಂತೆ ಅವರ ಮನೆಯೊಳಗಿನ ಚಿತ್ರಗಳನ್ನು ತೆಗೆದು ಶಾಲೆಗೆ ಕಳಿಸುತ್ತಿದ್ದುದು 2010ರಲ್ಲಿ ಬಯಲಾಯಿತು. ಕಳೆದುಹೋದ ಯಂತ್ರ ಹುಡುಕಲೆಂದು ಹಾಕಿದ್ದ ವ್ಯವಸ್ಥೆ ಅದು. ಪ್ರಕರಣ 6,10,000 ಡಾಲರ್ ಕೊಟ್ಟು ರಾಜಿಯಾಯಿತು. ತಡೆಯುವುದು ಬೇರೆ, ಕದ್ದು ನೋಡುವುದು ಬೇರೆ. ಪರರ ಗುಟ್ಟು ಕೆದಕುವುದನ್ನು ಸೂರಃ ಹುಜುರಾತ್ ಸ್ಪಷ್ಟವಾಗಿ ನಿಷೇಧಿಸಿದೆ. ಸೂರಃ ನೂರ್ ಮನೆಯೊಳಗಿನ ಶಿಸ್ತನ್ನು ಕಲಿಸುವಾಗ ಮಕ್ಕಳಿಗೂ ದಿನದ ಮೂರು ಹೊತ್ತಿನಲ್ಲಿ ಅನುಮತಿ ಕೇಳಿಯೇ ಒಳಗೆ ಬರಬೇಕೆಂದು ಹೇಳುತ್ತದೆ. ಫಜ್ರ್‌ಗೆ ಮೊದಲು, ಮಧ್ಯಾಹ್ನದ ವಿಶ್ರಾಂತಿಯಲ್ಲಿ, ಇಶಾದ ನಂತರ. ಅಲ್ಲಿ ಬಾಗಿಲಿಗೆ ಬೀಗ ಹಾಕಲು ಹೇಳಿಲ್ಲ, ಹೊತ್ತು ತಿಳಿದು ಕೇಳಿ ಬರಲು ಕಲಿಸಿದೆ. ಇಶಾದ ನಂತರ ಮಕ್ಕಳ ಕೈಯಲ್ಲಿ ಫೋನ್ ಇರಕೂಡದು ಎಂಬ ನಿಯಮವನ್ನು ಮನೆಯಲ್ಲಿ ಮಾಡುವುದಾದರೆ ಅಬ್ಬಾನ ಫೋನೂ ಅದೇ ಕಪಾಟಿಗೆ ಹೋಗಲಿ. ಮಕ್ಕಳು ನಿಯಮಕ್ಕಿಂತ ಕಪಾಟನ್ನು ನೋಡುತ್ತಾರೆ.

ಇಷ್ಟೆಲ್ಲ ಹೇಳಿದರೂ ದೊಡ್ಡ ವಿಷಯ ಶಾಲೆಯ ಹೊರಗೇ ಇದೆ. ದೇಶದ ಗ್ರಾಮೀಣ ಮಕ್ಕಳ ಕುರಿತ 'ಅಸರ್' ವರದಿ 2024ರಲ್ಲಿ 14ರಿಂದ 16 ವಯಸ್ಸಿನವರನ್ನು ಫೋನಿನ ಬಗ್ಗೆ ಕೇಳಿತ್ತು. ಶೇ. 82ರಷ್ಟು ಮಕ್ಕಳಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತಿತ್ತು. ಹಿಂದಿನ ವಾರ ಓದಿಗಾಗಿ ಬಳಸಿದವರು ಶೇ. 57, ಸೋಶಿಯಲ್ ಮೀಡಿಯಾಕ್ಕೆ ಬಳಸಿದವರು ಶೇ. 76. ಸೋಶಿಯಲ್ ಮೀಡಿಯಾ ಬಳಸುವವರಲ್ಲಿ ತೊಂದರೆ ಕೊಡುವವರನ್ನು ಬ್ಲಾಕ್ ಮಾಡಲು ಗೊತ್ತಿದ್ದವರು ಶೇ. 62 ಮಾತ್ರ, ತಮ್ಮ ಪ್ರೊಫೈಲನ್ನು ಅಪರಿಚಿತರಿಗೆ ಕಾಣದಂತೆ ಮಾಡಲು ಗೊತ್ತಿದ್ದವರು ಶೇ. 55. ಶಾಲೆಗಳ ಲೆಕ್ಕ ನೋಡಿದರೆ, 2023-24ರಲ್ಲಿ ದೇಶದ ಶಾಲೆಗಳಲ್ಲಿ ಇಂಟರ್‌ನೆಟ್ ಇದ್ದದ್ದು ಶೇ. 54ರಷ್ಟಕ್ಕೆ. ಅಂದರೆ ಮಗು ಇಂಟರ್‌ನೆಟ್ಟನ್ನು ಮೊದಲು ಕಾಣುವುದು ಶಾಲೆಯಲ್ಲಿ ಅಲ್ಲ, ಅಟ್ಟದ ಮೇಲೆ, ಅಣ್ಣನ ಹಾಟ್‌ಸ್ಪಾಟಿನಲ್ಲಿ. ಅಲ್ಲಿ ಯಾವ ಮುಖ್ಯೋಪಾಧ್ಯಾಯರ ಫಿಲ್ಟರೂ ಇಲ್ಲ. 2020ರ ಜೂನ್‌ನಲ್ಲಿ ಕರ್ನಾಟಕ ಸರಕಾರ ಸಣ್ಣ ತರಗತಿಗಳ ಆನ್‌ಲೈನ್ ಪಾಠವನ್ನೇ ನಿಲ್ಲಿಸಿತು, ಜುಲೈಯಲ್ಲಿ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಆ ವಾದವಿವಾದ ನಡೆಯುವ ಹೊತ್ತಿಗೆ ಫೋನ್ ಮನೆಯೊಳಗೆ ಬಂದು ಕೂತಾಗಿತ್ತು.

ಮನೆಯಲ್ಲೂ ಒಂದು ಮಟ್ಟದ ಜರಡಿ ಹಿಡಿಯಬಹುದು, ಖರ್ಚಿಲ್ಲ. ಆಂಡ್ರಾಯ್ಡ್ ಫೋನಿನ ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ 'ಪ್ರೈವೇಟ್ ಡಿಎನ್‌ಎಸ್' ಎಂಬುದಿದೆ. ಕ್ಲೌಡ್‌ಫ್ಲೇರ್ ಎಂಬ ಕಂಪನಿ 2020ರಿಂದ ಕುಟುಂಬಗಳಿಗೆಂದೇ ಉಚಿತ ಡೈರೆಕ್ಟರಿ ನಡೆಸುತ್ತಿದೆ. ಅದರ ಹೆಸರನ್ನು ಅಲ್ಲಿ ಬರೆದರೆ ಅಶ್ಲೀಲ ತಾಣಗಳಿಗೂ ವೈರಸ್ ತಾಣಗಳಿಗೂ ವಿಳಾಸ ಸಿಗುವುದಿಲ್ಲ. ಮನೆಯ ಅಥವಾ ಮದ್ರಸಾದ ವೈಫೈ ರೂಟರಿನಲ್ಲಾದರೆ 1.1.1.3 ಮತ್ತು 1.0.0.3 ಎಂಬ ಸಂಖ್ಯೆ ಹಾಕಬೇಕು. ರೂಟರ್ ಕೂಡಿಸಲು ಬಂದ ಹುಡುಗನಿಗೆ ಈ ಸಂಖ್ಯೆ ಬರೆದುಕೊಟ್ಟರೆ ಹಾಕಿಕೊಡುತ್ತಾನೆ. ರೂಟರಿನ ಪಾಸ್‌ವರ್ಡ್ ಬದಲಿಸುವುದನ್ನು ಮರೆಯಬಾರದು, ಕಂಪನಿ ಕೊಟ್ಟ ಪಾಸ್‌ವರ್ಡ್ ಪೆಟ್ಟಿಗೆಯ ಕೆಳಗೇ ಅಂಟಿಸಿರುತ್ತದೆ! ಯೂಟ್ಯೂಬಿನ 'ನಿರ್ಬಂಧಿತ ಮೋಡ್', ಗೂಗಲ್‌ನ 'ಸೇಫ್‌ಸರ್ಚ್' ಇವನ್ನೂ ಆನ್ ಮಾಡಿಡಬಹುದು. ಇದನ್ನೆಲ್ಲ ಮಗುವಿಗೆ ತಿಳಿಸಿ, ಎದುರಿಗೆ ಕೂರಿಸಿಕೊಂಡೇ ಮಾಡಬೇಕು.

ಆದರೆ ನಮ್ಮ ಮನೆಗಳಲ್ಲಿ ಫಿಲ್ಟರ್ ಎಂದರೆ ಹೆಚ್ಚಾಗಿ ಮಗಳ ಕೈಯಿಂದ ಫೋನ್ ಕಸಿಯುವುದೇ ಆಗಿದೆ. ಮಗನ ಫೋನಿನಲ್ಲಿ ಏನಿದೆಯೋ ಕೇಳುವವರಿಲ್ಲ. ದೃಷ್ಟಿ ತಗ್ಗಿಸುವ ಆದೇಶ ಸೂರಃ ನೂರ್‌ನಲ್ಲಿ ಮೊದಲು ಪುರುಷರಿಗೆ ಬಂದಿದೆ, ನಂತರ ಸ್ತ್ರೀಯರಿಗೆ. ಆ ಕ್ರಮವನ್ನು ನಾವು ತಿರುವುಹಾಕಿ ನಡೆಸುತ್ತಿದ್ದೇವೆ. ಇದರ ನಷ್ಟವನ್ನು ಲೆಕ್ಕ ಹಾಕಿ ನೋಡಿ. ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಅರ್ಜಿ ಆನ್‌ಲೈನ್, ಸಿಇಟಿ ಅರ್ಜಿ ಆನ್‌ಲೈನ್, ಒಟಿಪಿ ಬರುವುದು ಫೋನಿಗೆ. ಫೋನಿಲ್ಲದ ಹುಡುಗಿ ಕೊನೆಯ ದಿನಾಂಕದಂದು ಅಣ್ಣನ ದಾರಿ ಕಾಯಬೇಕು, ಇಲ್ಲವೇ ತನ್ನ ದಾಖಲೆಗಳನ್ನೆಲ್ಲ ಅಪರಿಚಿತನ ಆನ್‌ಲೈನ್ ಸೆಂಟರಿನಲ್ಲಿ ಬಿಟ್ಟು ಬರಬೇಕು. ಯಾವುದರಲ್ಲಿ ಅಪಾಯ ಹೆಚ್ಚು?

ಕಸಿಯುವ ಭಯ ಇನ್ನೊಂದು ಕೆಡುಕು ಮಾಡುತ್ತದೆ, ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಅದೇ. ಯಾರೋ ಗುರುತಿಲ್ಲದವನು ಸ್ನೇಹ ಬೆಳೆಸಿ ಒಂದು ಫೋಟೋ ಪಡೆದು, ಅಥವಾ ಇದ್ದ ಫೋಟೋವನ್ನೇ ಕೆಡಿಸಿ, "ದುಡ್ಡು ಕೊಡು, ಇಲ್ಲ ಎಲ್ಲರಿಗೂ ಕಳಿಸುತ್ತೇನೆ" ಎಂದು ಹೆದರಿಸುತ್ತಾನೆ. ಹುಡುಗರಿಗೂ ಹೀಗೆ ಆಗುತ್ತದೆ, ಹುಡುಗಿಯರಿಗೆ ಮಾತ್ರವಲ್ಲ. ಆಗ ಮಗುವಿನ ತಲೆಯಲ್ಲಿ ಓಡುವ ಮೊದಲ ಮಾತು: "ಮನ್ಯಾಗ ಹೇಳಿದ್ರ ಫೋನ್ ಕಸಗೋತಾರ, ಸಾಲಿ ಬಿಡಸ್ತಾರ." ಹೆದರಿಸುವವನ ಬಂಡವಾಳ ಈ ಮೌನವೇ. ಯಾವ ಫಿಲ್ಟರೂ ಇದನ್ನು ಹಿಡಿಯುವುದಿಲ್ಲ, ಏಕೆಂದರೆ ಇದು ನಡೆಯುವುದು ನಾವೆಲ್ಲ ದಿನವೂ ಬಳಸುವ ಆ್ಯಪುಗಳ ಒಳಗೆ.

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳು ಸೇರಿದಂತೆ ಕೇರಳದ ಶಾಲೆಗಳಲ್ಲಿ ಕಂಪ್ಯೂಟರ್ ಶಿಕ್ಷಣ ನೋಡಿಕೊಳ್ಳುವ 'ಕೈಟ್' ಎಂಬ ಸರಕಾರಿ ಸಂಸ್ಥೆ 2022ರಲ್ಲಿ ಒಂದು ಒಳ್ಳೆಯ ಕೆಲಸ ಮಾಡಿತು. 'ಲಿಟಲ್ ಕೈಟ್ಸ್' ಎಂಬ ಶಾಲಾ ಕ್ಲಬ್ಬಿನ ಮಕ್ಕಳ ಮೂಲಕ ತಾಯಂದಿರಿಗೇ ಸೈಬರ್ ಸುರಕ್ಷೆಯ ತರಬೇತಿ ಕೊಟ್ಟಿತು. ಮಕ್ಕಳು ಕಲಿಸಿದರು, ತಾಯಂದಿರು ಕಲಿತರು. ನಮ್ಮ ಊರುಗಳಲ್ಲಿ ಅಂಜುಮನ್ ಇದೆ, ಮಹಿಳೆಯರ ಇಜ್ತಿಮಾ ಇದೆ, ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳಿದ್ದಾರೆ. ಒಂದು ರವಿವಾರ ಮಧ್ಯಾಹ್ನ ಸಾಕು: ಬ್ಲಾಕ್ ಮಾಡುವುದು ಹೇಗೆ, ಪ್ರೊಫೈಲ್ ಮುಚ್ಚುವುದು ಹೇಗೆ ಎಂದು ಆ ಹುಡುಗಿಯರೇ ಅಮ್ಮಿ, ಖಾಲಾಗಳಿಗೆ ತೋರಿಸಿಕೊಡಲಿ.

ಮಗು ಬಂದು ಹೇಳಿದ ದಿನ ಮಾಡಬೇಕಾದದ್ದನ್ನು ಮೊದಲೇ ತಿಳಿದಿರಬೇಕು. ಮಗುವಿಗೆ ಹೊಡೆಯಬೇಡಿ, ದುಡ್ಡು ಕಳಿಸಬೇಡಿ. ಬೆದರಿಕೆಯ ಮೆಸೇಜು, ಆ ಖಾತೆಯ ಹೆಸರು, ನಂಬರು ಇವುಗಳ ಸ್ಕ್ರೀನ್‌ಶಾಟ್ ತೆಗೆದು ನಂತರ ಬ್ಲಾಕ್ ಮಾಡಿ. ಚಿತ್ರವನ್ನು ಮಾತ್ರ ಯಾರಿಗೂ ಕಳಿಸಬಾರದು, "ಸಾಕ್ಷಿಗೆ" ಎಂದು ಜಮಾಅತಿನ ಗ್ರೂಪಿಗೂ ಕೂಡದು. ಮಕ್ಕಳ ಅಶ್ಲೀಲ ಚಿತ್ರವನ್ನು ಹಂಚುವುದು ಐಟಿ ಕಾಯ್ದೆಯ 67ಬಿ ಕಲಮಿನ ಪ್ರಕಾರ ಮೊದಲ ಸಲಕ್ಕೇ ಐದು ವರ್ಷದವರೆಗೆ ಜೈಲು ಆಗುವ ಅಪರಾಧ. ಮಜಕ್ಕೆಂದು ಗೆಳೆಯರಿಗೆ ಫಾರ್ವರ್ಡ್ ಮಾಡುವ ಹುಡುಗರಿಗೂ ಇದನ್ನು ಹೇಳಿಡಿ. 18 ವರ್ಷದೊಳಗಿನವರ ಚಿತ್ರ ತೆಗೆಸಲು 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆ 2023ರಿಂದ ಇದೆ. ಚಿತ್ರವನ್ನು ಅವರಿಗೆ ಕಳಿಸಬೇಕಾಗಿಲ್ಲ. ಚಿತ್ರದ ಬೆರಳಚ್ಚಿನಂಥ ಒಂದು ಗುರುತನ್ನು ನಮ್ಮ ಫೋನೇ ತಯಾರಿಸಿ ಕೊಡುತ್ತದೆ. ಆ ಗುರುತನ್ನು ನೋಡಿ ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥ ಕಂಪನಿಗಳು ಚಿತ್ರವನ್ನು ತಡೆಯುತ್ತವೆ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ದೂರು ಕೊಡಲು ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆ ಇದೆ. ಠಾಣೆಗೆ ಹೋಗಲು ಹಿಂಜರಿಯುವವರು ಕೇಂದ್ರದ ಸೈಬರ್ ಕ್ರೈಂ ಪೋರ್ಟಲಿನಲ್ಲಿ ಮಕ್ಕಳ ಅಶ್ಲೀಲ ಚಿತ್ರದ ಕುರಿತು ಹೆಸರು ಹೇಳದೆಯೂ ದೂರು ಬರೆಯಬಹುದು. ಮನೆಯವರಿಗೆ ಹೇಳಲು ಇನ್ನೂ ಧೈರ್ಯ ಬಾರದ ಮಗುವಿಗೆ 1098 ಇದೆ. ಹಗಲು ರಾತ್ರಿ ಯಾವಾಗ ಮಾಡಿದರೂ ಎತ್ತುತ್ತಾರೆ, ದುಡ್ಡು ಬೀಳುವುದಿಲ್ಲ. ಈ ನಂಬರನ್ನು ಮದ್ರಸಾದ ಗೋಡೆಯ ಮೇಲೆ, ನಮಾಝಿನ ವೇಳಾಪಟ್ಟಿಯ ಪಕ್ಕದಲ್ಲಿ ಬರೆಸಬಹುದು.